ಓಡಲು ಬಾರದವರ ಓಟ

ಶಿಕಾರಿಪುರದಲ್ಲೋ ಸೊರಬದಲ್ಲೋ ನಲವತ್ತೈದು ದಾಟಿದ ಗೃಹಸ್ಥರೊಬ್ಬರು ಒಂದು ಬೆಳಿಗ್ಗೆ ಬೂಟು ಕಟ್ಟಿಕೊಂಡು ಓಡಲು ಹೊರಟರೆ ಎದುರಾದವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಏನ್ ಸಾರ್, ಶುಗರ್ ಬಂತಾ?" ಕೇಳುವುದರಲ್ಲಿ ತಪ್ಪಿಲ್ಲ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಡಾಕ್ಟರು ಹೇಳದೆ ಓಟಕ್ಕೆ ಇಳಿಯುವವರು ನಮ್ಮ ಕಡೆ ಕಡಿಮೆಯೇ. ಆದರೆ ಡಾಕ್ಟರ ಚೀಟಿಯಲ್ಲಿ ಬರೆಯಲಾಗದ ಇನ್ನೊಂದು ಪ್ರಶ್ನೆಯೂ ಆ ಮನುಷ್ಯನ ಮೊದಲ ಹೆಜ್ಜೆಯಲ್ಲಿದೆ. ಇಷ್ಟು ವರ್ಷ ನಾನು ಏನಾಗಿ ಬದುಕಿದೆನೋ ಅದು, ಇನ್ನು ಮುಂದೆ ನಾನು ಏನಾಗಬಲ್ಲೆ ಎಂಬುದನ್ನು ತೀರ್ಮಾನಿಸಿಬಿಟ್ಟಿದೆಯೇ? ಪ್ರಾರಬ್ಧ, ಸಂಸ್ಕಾರ, ಅಧಿಕಾರ ಎಂಬ ಹೆಸರುಗಳಲ್ಲಿ ನಮ್ಮ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ್ದು ಇದನ್ನೇ. ಅರ್ಹತೆ ಇದ್ದವನು ಅಭ್ಯಾಸಕ್ಕೆ ತೊಡಗಬೇಕೋ, ಅಭ್ಯಾಸವೇ ಅರ್ಹತೆಯನ್ನು ಹುಟ್ಟಿಸುತ್ತದೋ? ಅಭ್ಯಾಸವೇ ಹುಟ್ಟಿಸುತ್ತದೆ ಎಂಬುದು ನನ್ನ ವಾದ. ಏನೂ ಬಾರದವನ ಓಟ ಇದಕ್ಕೆ ಸಿಗುವ ಅತ್ಯಂತ ಸರಳ ಸಾಕ್ಷಿ. ಆದ್ದರಿಂದ ಜಪ, ಧ್ಯಾನಗಳ ಪಂಕ್ತಿಯಲ್ಲಿ ಅದಕ್ಕೂ ಒಂದು ಎಲೆ ಹಾಕಬೇಕೆಂದು ಕೇಳುತ್ತಿದ್ದೇನೆ. ಈ ವಾದಕ್ಕೆ ಬೇಕಾದ ಆಧಾರಗಳೂ, ಅದನ್ನು ಅಲುಗಾಡಿಸುವ ಆಕ್ಷೇಪಗಳೂ ಬಹುಮಟ್ಟಿಗೆ ಈ ಎರಡು ತಾಲ್ಲೂಕುಗಳ ನೆಲದಲ್ಲೇ ಇವೆ.

ಓಟ ಈ ಸೀಮೆಗೆ ಹೊಸದಲ್ಲ. ದೀಪಾವಳಿ ಕಳೆದ ಮೇಲೆ ಇಲ್ಲಿನ ಹಳ್ಳಿಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ಬಲೂನು, ಮೈಮೇಲೆ ಜೂಲ. ಹೀಗೆ ಸಿಂಗರಿಸಿದ ಹೋರಿ ಅಖಾಡದ ನಡುವೆ ನುಗ್ಗಿ ಬರುವಾಗ ಇಕ್ಕೆಲದಲ್ಲಿ ಕಾದು ನಿಂತ ಹುಡುಗರು ಅದರ ಜೊತೆಗೇ ಓಡುತ್ತಾರೆ, ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿಯುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಯ ಹೆಸರು ವರ್ಷವಿಡೀ ಊರ ಬಾಯಲ್ಲಿ ಓಡಾಡುತ್ತದೆ. ತಿವಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟವರೂ ಇದ್ದಾರೆ. ಅಲ್ಲಿನ ಓಟವೆಂದರೆ ಹರೆಯ, ಗಂಡಸುತನ, ಕೆಚ್ಚು. ಇವು ಮೂರೂ ಇಲ್ಲದವರು ಬೇಲಿಯಾಚೆ ನಿಂತು ಸಿಳ್ಳೆ ಹಾಕಬೇಕು. ಶಾಲೆಯ ಕ್ರೀಡಾಕೂಟದ್ದೂ ಇದೇ ಕ್ರಮ: ಚುರುಕಾದ ಮಕ್ಕಳನ್ನು ಆರಿಸಿ ಹೋಬಳಿ ಮಟ್ಟಕ್ಕೆ ಕಳಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಂದರೆ ಓಡಬಲ್ಲವರ ಓಟವನ್ನು ಮಾತ್ರ ನಮ್ಮ ಊರುಗಳು ಗುರುತಿಸುತ್ತವೆ. ಓಡಲಾರದವರು ಓಡುವುದಕ್ಕೆ ನಮ್ಮಲ್ಲಿ ಹಬ್ಬವೂ ಇಲ್ಲ, ಹೆಸರೂ ಇಲ್ಲ.

ಆರಂಭಕ್ಕೆ ದೊಡ್ಡ ಹೆಸರು ಸಿಕ್ಕ ಜಾಗವೊಂದು ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬದ ಮೇಲೆ, ಐದನೇ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ ತಾನೇ ಕಂಡರಿಸಿದ ಶಾಸನವಿದೆ. ಮಯೂರಶರ್ಮ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾದದ್ದು, ಆ ಅವಮಾನದಲ್ಲಿ ಕುದಿದು ಕತ್ತಿ ಹಿಡಿದದ್ದು ಅದರಲ್ಲಿ ಬರುತ್ತದೆ. ದರ್ಭೆ, ಸಮಿತ್ತು, ತುಪ್ಪದ ಪಾತ್ರೆ ಹಿಡಿದು ಪಳಗಿದ್ದ ಕೈ ಕತ್ತಿಯನ್ನು ಸೆಳೆಯಿತು ಎಂದು ಕವಿ ಆ ಕೈಯನ್ನೇ ಮುಂದಿಟ್ಟು ಹೇಳುತ್ತಾನೆ. ಮುಂದೆ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ಕಾಡು ಹಿಡಿದು, ಕೊನೆಗೆ ಪಲ್ಲವರಿಂದಲೇ ಮನ್ನಣೆ ಪಡೆದು ಮಯೂರ ರಾಜನಾದ. ದರ್ಭೆ ಬಿಟ್ಟ ಕೈ ಕತ್ತಿಗೆ ಒಗ್ಗಲು ಎಷ್ಟು ದಿನ ಹಿಡಿಯಿತು, ಹಿಡಿಕೆ ಎಷ್ಟು ಸಲ ಜಾರಿತು, ಅಂಗೈ ಎಲ್ಲೆಲ್ಲಿ ಬೊಕ್ಕೆ ಎದ್ದಿತು ಎಂಬುದು ಮಾತ್ರ ಶಾಸನದಲ್ಲಿಲ್ಲ. ಪ್ರಶಸ್ತಿ ಶಾಸನದಲ್ಲಿ ಅದನ್ನು ಹುಡುಕುವುದು ಸರಿಯೂ ಅಲ್ಲ. ಆದರೂ ಹುಟ್ಟು ಮತ್ತು ಓದು ಗೊತ್ತುಮಾಡಿದ ಕೈ ಬೇರೆಯದನ್ನು ಕಲಿಯಬಲ್ಲದು ಎಂದು ಹದಿನೈದು ನೂರು ವರ್ಷದ ಹಿಂದೆ ಕಲ್ಲಿನಲ್ಲಿ ಬರೆದವರು, ಕಲಿತ ರೀತಿಯನ್ನು ಬಿಟ್ಟುಕೊಟ್ಟರು. ಸಾಧನೆ ಇರುವುದು ಆ ಬಿಟ್ಟ ಭಾಗದಲ್ಲಿ.

ಅದನ್ನು ತಿಳಿಯಲು ಹೊಸಬನ ಮೊದಲ ನಿಮಿಷವನ್ನು ಹತ್ತಿರದಿಂದ ನೋಡಬೇಕು. ಮೊದಲ ಹತ್ತು ಹೆಜ್ಜೆ ಹಗುರ. ಇಪ್ಪತ್ತು ಸೆಕೆಂಡಿಗೆ ಭುಜ ಕಿವಿಯ ಕಡೆ ಏರಿರುತ್ತದೆ, ಮುಷ್ಟಿ ಬಿಗಿದಿರುತ್ತದೆ. ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಅವನಿಗೇ ಕೇಳುತ್ತದೆ. ನಲವತ್ತಕ್ಕೆ ಬಾಯಿ ತೆರೆದಿರುತ್ತದೆ, ಉಸಿರಿಗೂ ಹೆಜ್ಜೆಗೂ ತಾಳ ತಪ್ಪಿರುತ್ತದೆ, ಪಕ್ಕೆಯಲ್ಲಿ ಚಳುಕು ಹಿಡಿದಿರುತ್ತದೆ. ಅರವತ್ತಕ್ಕೆ ನಿಂತು ಮಂಡಿಯ ಮೇಲೆ ಕೈಯೂರಿದಾಗ ಒಳಗಿನಿಂದ ಒಂದು ತೀರ್ಪು ಬರುತ್ತದೆ: ಇದು ನನ್ನಂಥವನಿಗಲ್ಲ. ಆ ತೀರ್ಪಿಗೆ ಆಧಾರವಿಲ್ಲ. ದುಡಿಯುವ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಒದಗಿಸುವ ಮಟ್ಟಕ್ಕೆ ಹೃದಯ, ಶ್ವಾಸಕೋಶಗಳು ಏರಲು ಯಾರಿಗಾದರೂ ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗಿನ ಕೊರತೆಯನ್ನು ಪಳಗಿದ ಓಟಗಾರನೂ ಅನುಭವಿಸುತ್ತಾನೆ, ಅವನಿಗೆ ಅದು ಹಳೆಯ ಪರಿಚಯ ಅಷ್ಟೆ. ಅಭ್ಯಾಸ ನಿಲ್ಲದಿದ್ದರೆ ಮೊದಲ ಎರಡು ವಾರದೊಳಗೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯದ ಪ್ರತಿ ಬಡಿತವೂ ಹೆಚ್ಚು ರಕ್ತ ದೂಡುತ್ತದೆ, ವಾರಗಳು ಉರುಳಿದಂತೆ ಸ್ನಾಯುಕೋಶಗಳೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಅಮೆರಿಕದ ಜೋಶ್ ಕ್ಲಾರ್ಕ್ 1996ರಲ್ಲಿ ಹೊಸಬರಿಗೆಂದು ರೂಪಿಸಿದ, ಮುಂದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೂ ಅಳವಡಿಸಿಕೊಂಡ ಒಂಬತ್ತು ವಾರದ ಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಮೊದಲ ವಾರ ಅರವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ, ವಾರಕ್ಕೆ ಮೂರು ದಿನ. ಒಂಬತ್ತನೇ ವಾರದ ಕೊನೆಗೆ ನಿಲ್ಲದೆ ಅರ್ಧ ಗಂಟೆ.

ಶಿಕಾರಿಪುರದ ಊರದೇವರು ಹುಚ್ಚೂರಾಯ, ಅಂದರೆ ಆಂಜನೇಯ. ಕಡಲ ದಂಡೆಯಲ್ಲಿ ಸುಮ್ಮನೆ ಕೂತಿದ್ದ ಹನುಮನಿಗೆ ಜಾಂಬವ ಅವನ ಬಲವನ್ನು ನೆನಪಿಸಿದ, ನೆನಪಾದ ಕೂಡಲೇ ಅವನು ಬೆಳೆದು ನಿಂತ ಎಂಬ ರಾಮಾಯಣದ ಪ್ರಸಂಗವನ್ನು ವ್ಯಾಯಾಮ ಶಾಲೆಗಳಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಾರೆ: ನಿನ್ನೊಳಗೆ ಶಕ್ತಿ ಅಡಗಿದೆ, ಎಚ್ಚರಗೊಳಿಸು ಎಂದು. ಹೊಸಬನಿಗೆ ಈ ಮಾತು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ ಎಂದು ನನ್ನ ಅಭಿಪ್ರಾಯ. ಅವನೊಳಗೆ ಮರೆತ ಬಲ ಯಾವುದೂ ಇಲ್ಲ. ನಾಳೆ ಬರುವ ಬಲ ಇಂದು ಎಲ್ಲೂ ಅಡಗಿ ಕೂತಿಲ್ಲ. ಇಂದಿನ ಓಟ ಮತ್ತು ನಾಳಿನ ವಿಶ್ರಾಂತಿ ಸೇರಿ ಅದನ್ನು ಹೊಸದಾಗಿ ಕಟ್ಟಬೇಕು. ಆತ್ಮದ ವಿಷಯ ಬೇರೆ. ಆತ್ಮ ಯಾವ ಕರ್ಮದಿಂದಲೂ ಉಂಟಾಗುವುದಲ್ಲ, ಇರುವುದನ್ನು ಅರಿತರೆ ಸಾಕು ಎಂದು ಅದ್ವೈತಿಗಳು ವಾದಿಸುತ್ತಾರೆ, ಆ ವಾದಕ್ಕೆ ಅದರದೇ ಗಾಂಭೀರ್ಯವಿದೆ. ಅದನ್ನು ತಂದು ದೇಹಕ್ಕೆ ಅಂಟಿಸಿದರೆ, ಮೊದಲ ದಿನವೇ ಎರಡು ಮೈಲಿ ಓಡಿ ಮೂರನೇ ದಿನ ಹಾಸಿಗೆ ಹಿಡಿಯುವವರು ಸಿಗುತ್ತಾರೆ.

ದೈವವಾದಿಯ ಆಕ್ಷೇಪ ಇಲ್ಲಿ ಬರುತ್ತದೆ. ಮೈಕಟ್ಟು, ರೋಗ, ಆಯುಸ್ಸು ಎಲ್ಲವೂ ಹಣೆಬರಹ. ಈಗಿನ ಮಾತಿನಲ್ಲಿ ಹೇಳುವುದಾದರೆ ವಂಶವಾಹಿ. ಇದರಲ್ಲಿ ಸತ್ಯದ ಪಾಲಿದೆ. ಒಂದೇ ಅಭ್ಯಾಸ ಮಾಡಿದ ಇಬ್ಬರಲ್ಲಿ ಒಬ್ಬರಿಗೆ ಬೇಗ, ಒಬ್ಬರಿಗೆ ತಡವಾಗಿ ಫಲ ಸಿಗುವುದಕ್ಕೆ ಹುಟ್ಟಿನ ವ್ಯತ್ಯಾಸವೂ ಕಾರಣ. ಆದರೆ ದೈವವನ್ನು ಒಪ್ಪಿದವರೇ ಇದಕ್ಕೆ ಉತ್ತರವನ್ನೂ ಕೊಟ್ಟಿದ್ದಾರೆ. ಯೋಗವಾಸಿಷ್ಠದ ಮುಮುಕ್ಷು ಪ್ರಕರಣದಲ್ಲಿ ವಸಿಷ್ಠರು ರಾಮನಿಗೆ ಹೇಳುವ ಪ್ರಕಾರ ದೈವವೆಂಬುದು ಹಿಂದೆ ಮಾಡಿದ ಪ್ರಯತ್ನವೇ. ನಿನ್ನೆಯ ಪ್ರಯತ್ನವೂ ಇಂದಿನ ಪ್ರಯತ್ನವೂ ಎರಡು ಟಗರುಗಳಂತೆ ಕಾದಾಡುತ್ತವೆ, ಬಲವಾದದ್ದು ಗೆಲ್ಲುತ್ತದೆ. ಇಪ್ಪತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ವರ್ತಕನ ದೇಹ ಇಪ್ಪತ್ತು ವರ್ಷದ ಕರ್ಮದ ಫಲ, ಸಂದೇಹವಿಲ್ಲ. ಹಾಗೆಯೇ ಒಂಬತ್ತು ವಾರದ ಓಟವೂ ಕರ್ಮವೇ. ಜಲಂಧರ ಜಿಲ್ಲೆಯ ಹಳ್ಳಿಯಿಂದ ಲಂಡನ್ನಿಗೆ ಹೋಗಿ ನೆಲೆಸಿದ ಫೌಜಾ ಸಿಂಗ್ ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ, ಎಂಬತ್ತೊಂಬತ್ತನೇ ವಯಸ್ಸಿನಲ್ಲಿ. ಮಡದಿ, ಮಗನ ಸಾವಿನ ದುಃಖದಿಂದ ಹೊರಬರಲು ಅವರು ಓಟಕ್ಕೆ ತೊಡಗಿದ್ದು. ಇನ್ನು ಮೂರನೇ ವಾರಕ್ಕೆ ಬಿಟ್ಟುಬಿಡುವವರ ಮಾತು. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಇದನ್ನೇ ಕೇಳುತ್ತಾನೆ: ಶ್ರದ್ಧೆ ಇದ್ದೂ ನಡುವೆ ಜಾರಿದವನು ಚೂರಾದ ಮೋಡದಂತೆ ಅಲ್ಲಿಗೂ ಇಲ್ಲದೆ ಇಲ್ಲಿಗೂ ಇಲ್ಲದೆ ಹಾಳಾಗುವನೇ ಎಂದು. ಒಳ್ಳೆಯದಕ್ಕೆ ಹೊರಟವನಿಗೆ ದುರ್ಗತಿಯಿಲ್ಲ, ಬಿಟ್ಟಲ್ಲಿಂದ ಮತ್ತೆ ಹಿಡಿಯುತ್ತಾನೆ ಎಂಬುದು ಕೃಷ್ಣನ ಉತ್ತರದ ಸಾರ. ಮೂರು ಸಲ ಶುರುಮಾಡಿ ಮೂರು ಸಲ ಬಿಟ್ಟವರು ನಾಲ್ಕನೆಯ ಸಲಕ್ಕೆ ನಾಚಬೇಕಾಗಿಲ್ಲ.

ನನ್ನ ವಾದಕ್ಕೆ ಅತ್ಯಂತ ಪ್ರಬಲ ಆಕ್ಷೇಪ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯದು. ಅಲ್ಲಮಪ್ರಭು ಆ ಊರಿನವರು. ಗೋರಕ್ಷನೊಡನೆ ಅವರ ಭೇಟಿಯನ್ನು ಚಾಮರಸನ ಪ್ರಭುಲಿಂಗಲೀಲೆಯೂ ಶೂನ್ಯಸಂಪಾದನೆಗಳೂ ವಿಸ್ತಾರವಾಗಿ ಹೇಳುತ್ತವೆ. ಕಾಯಸಿದ್ಧಿಯಿಂದ ವಜ್ರದಂಥ ದೇಹ ಪಡೆದ ಗೋರಕ್ಷ, ಕತ್ತಿಯಿಂದ ನನ್ನನ್ನು ಹೊಡೆದು ನೋಡು ಎಂದು ಸವಾಲು ಹಾಕುತ್ತಾನೆ. ಅಲ್ಲಮ ಹೊಡೆದಾಗ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯಿಂದ ಗೋರಕ್ಷ ಅಲ್ಲಮನನ್ನು ಹೊಡೆದರೆ ಅದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಕತ್ತಿಗೆ ಸದ್ದು ಕೊಡುವಷ್ಟು ದೇಹಭಾವ ಉಳಿದವನು ಎಂಥ ಸಿದ್ಧ ಎಂಬ ಪ್ರಶ್ನೆ ಗೋರಕ್ಷನನ್ನು ಕರಗಿಸುತ್ತದೆ. ಈ ಪ್ರಶ್ನೆ ಇಂದಿನ ಓಟಗಾರನಿಗೂ ಸಲ್ಲುತ್ತದೆ. ಕೈಗಡಿಯಾರದಲ್ಲಿ ಕಿಲೋಮೀಟರ್ ಎಣಿಸಿ, ಬೆವರಿದ ಮುಖದ ಫೋಟೋ ಸ್ಟೇಟಸ್ಸಿಗೆ ಹಾಕಿ, ಓಡದವರನ್ನು ಸೋಮಾರಿಗಳೆಂದು ಕಾಣುವ ಮನಸ್ಸು ವಜ್ರಕಾಯದ ಹಂಬಲವೇ ಅಲ್ಲವೇ? ದೇಹವನ್ನು ಮೀರಬೇಕಾದವನು ಅದನ್ನೇ ಹಗಲಿರುಳು ಸಾಕುತ್ತಿದ್ದರೆ ಅದಕ್ಕೆ ಧರ್ಮವೆಂಬ ಹೆಸರೇಕೆ?

ಈ ಆಕ್ಷೇಪವನ್ನು ಅರ್ಧದಷ್ಟು ಒಪ್ಪಲೇಬೇಕು. ಓಟದಲ್ಲಿ ಪಳಗಿದವರಿಗೆ ಅಹಂಕಾರದ ಅಪಾಯ ನಿಜವಾಗಿಯೂ ಇದೆ. ಆದರೆ ಹೊಸಬ ನಿಂತಿರುವುದು ಗೋರಕ್ಷನಿಗೆ ತೀರಾ ಎದುರಿನ ತುದಿಯಲ್ಲಿ. ತನ್ನ ದೇಹ ವಜ್ರವಲ್ಲ, ನಶಿಸುವಂಥದು, ತನ್ನ ಮಾತು ಕೇಳದಂಥದು ಎಂಬುದು ಪುಸ್ತಕದಲ್ಲಿ ಓದಿದಾಗ ಆಗದಷ್ಟು ಸ್ಪಷ್ಟವಾಗಿ ಅವನಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಧಿಕಾರಿ, ಮೇಷ್ಟ್ರು, ಯಜಮಾನ ಎಂದು ಕರೆಸಿಕೊಳ್ಳುವವನು ದಿನವಿಡೀ ಇತರರಿಗೆ ಹೇಳಿ ಮಾಡಿಸುತ್ತಾನೆ. ತನ್ನ ಉಸಿರಿಗೆ ಮಾತ್ರ ಹೇಳಿ ಮಾಡಿಸಲಾರ. ಕಾಯದ ಬಗ್ಗೆ ಇದ್ದ ಭ್ರಮೆ ಅಲ್ಲಿ ಕಳಚುತ್ತದೆ, ಅಲ್ಲಮರು ಗೋರಕ್ಷನಿಂದ ಕಳಚಿಸಿದ್ದೂ ಭ್ರಮೆಯನ್ನೇ. ಪಳಗಿದ ಮೇಲಿನ ಅಪಾಯಕ್ಕೆ ಶರಣರ ಷಟ್‌ಸ್ಥಲದಲ್ಲಿ ಒಂದು ಮದ್ದಿದೆ. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರನ್ನು ಒಂದನ್ನು ಬಿಟ್ಟು ಇನ್ನೊಂದನ್ನು ಏರುವ ಹಂತಗಳೆಂದು ಎಣಿಸಿದರೆ ಸಾಲದು. ಒಂದೊಂದರಲ್ಲೂ ಆರೂ ಅಡಗಿವೆ, ಒಟ್ಟು ಮೂವತ್ತಾರು ಎಂದು ಪರಂಪರೆ ವಿವರಿಸುತ್ತದೆ. ಐಕ್ಯನೊಳಗೂ ಭಕ್ತ ಇದ್ದಾನೆ. ಮೊದಲ ದಿನದ ವಿನಯ ಕೊನೆಯ ದಿನಕ್ಕೂ ಬೇಕು ಎಂದೇ ಇದರ ಅರ್ಥವೆಂದು ನಾನು ತಿಳಿಯುತ್ತೇನೆ. ಹತ್ತು ಕಿಲೋಮೀಟರ್ ಓಡುವವನು ಒಂದು ನಿಮಿಷ ಓಡುವವನ ಪಕ್ಕದಲ್ಲಿ ನಡೆಯಲು ಸಿದ್ಧನಿದ್ದರೆ ಅವನ ಓಟ ಇನ್ನೂ ಸಾಧನೆಯಾಗಿಯೇ ಉಳಿದಿದೆ. ಇಲ್ಲದಿದ್ದರೆ ಅಲ್ಲಮರ ಮಾತು ಅವನ ಮೇಲೆ ಪೂರ್ತಿ ನಿಂತಿತು.

ಎಷ್ಟು ಓಡಬೇಕು ಎಂಬುದೂ ಧರ್ಮದ ಪ್ರಶ್ನೆಯೇ. ಬಳ್ಳಿಗಾವಿಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬವನು ಬೌದ್ಧ ವಿಹಾರ ಕಟ್ಟಿಸಿದ್ದ; ಈ ಪ್ರಶ್ನೆಗೆ ಒಂದು ಉತ್ತರ ಆ ಬೌದ್ಧರಲ್ಲೇ ಇದೆ. ಬೌದ್ಧರ ವಿನಯಪಿಟಕದಲ್ಲಿ ಸೋಣನೆಂಬ ಸುಕುಮಾರ ಯುವಕನ ಕಥೆ ಬರುತ್ತದೆ. ಸಂಘ ಸೇರಿದ ಹೊಸತರಲ್ಲಿ ಅವನು ಅತ್ತಿಂದಿತ್ತ ನಡೆಯುತ್ತ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು ದಾರಿಯೆಲ್ಲ ರಕ್ತವಾಯಿತು. ಇದು ನನ್ನಿಂದಾಗದು, ಮನೆಗೆ ಹಿಂದಿರುಗುವೆ ಎಂದುಕೊಂಡ. ವೀಣೆ ಬಲ್ಲ ಅವನಿಗೆ ಬುದ್ಧ, ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಹೊರಡದು ಎಂಬುದನ್ನು ನೆನಪಿಸಿದ. ಆಮೇಲೆ ಪಾದರಕ್ಷೆ ಹಾಕಿಕೋ ಎಂದ. ನನಗೊಬ್ಬನಿಗೇ ಬೇಡ ಎಂದು ಸೋಣ ಅಂದಾಗ ಇಡೀ ಸಂಘಕ್ಕೆ ಒಂಟಿಪದರದ ಪಾದರಕ್ಷೆಗೆ ಅನುಮತಿ ಸಿಕ್ಕಿತು. ಹೊಸಬನ ಅತ್ಯುತ್ಸಾಹ, ಗಾಯ, ಬಿಟ್ಟುಬಿಡುವ ಯೋಚನೆ, ಕೊನೆಗೆ ಪಾದರಕ್ಷೆ, ಎಲ್ಲವೂ ಅಲ್ಲಿದೆ. ಸುಶ್ರುತ, ವಾಗ್ಭಟರು ವ್ಯಾಯಾಮವನ್ನು ಅರ್ಧ ಶಕ್ತಿಗೆ ನಿಲ್ಲಿಸಬೇಕೆನ್ನುತ್ತಾರೆ. ಎದೆಯ ಉಸಿರು ಬಾಯಿಗೆ ಬರತೊಡಗಿದರೆ ಅರ್ಧ ಮುಗಿದಂತೆ ಎಂದು ಸುಶ್ರುತ ಗುರುತನ್ನೂ ಕೊಡುತ್ತಾನೆ. ಓಡುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲಾಗಬೇಕು ಎಂದು ಇಂದಿನ ತರಬೇತುದಾರರು ಹೊಸಬರಿಗೆ ಹೇಳುವುದೂ ಹೆಚ್ಚುಕಡಿಮೆ ಇದೇ ಅಳತೆ. ಹೃದಯ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ, ಮೂಳೆ ಮತ್ತು ಸ್ನಾಯುಬಂಧಗಳಿಗೆ ತಿಂಗಳುಗಳು ಬೇಕು. ಹೊಸದನ್ನು ಕಟ್ಟುವ ಮೊದಲು ಮೂಳೆ ಹಳೆಯ ಭಾಗವನ್ನು ಕರಗಿಸಿಕೊಳ್ಳುವುದರಿಂದ, ಉಸಿರು ಸುಧಾರಿಸಿತೆಂದು ಓಟ ಏರಿಸಿದವರಿಗೇ ಕಣಕಾಲಿನ ಎಲುಬು ನೋಯುವುದು ಹೆಚ್ಚು. ಶರೀರವೇ ಧರ್ಮಕ್ಕೆ ಮೊದಲ ಸಾಧನ ಎಂಬ ಕಾಳಿದಾಸನ ಮಾತನ್ನು ಎಲ್ಲರೂ ಬಳಸುತ್ತಾರೆ. ಕುಮಾರಸಂಭವದಲ್ಲಿ ಅದು ಬರುವ ಸಂದರ್ಭ ಹೆಚ್ಚು ಜನಕ್ಕೆ ನೆನಪಿಲ್ಲ. ವಟುವಿನ ವೇಷದ ಶಿವ ಪಾರ್ವತಿಯನ್ನು, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯಲ್ಲ ಎಂದು ವಿಚಾರಿಸುವಾಗ ಬರುವ ಮಾತು ಅದು. ಹೆಚ್ಚು ಮಾಡು ಎಂಬ ಹುರಿದುಂಬಿಕೆ ಅದರಲ್ಲಿಲ್ಲ, ಅಳತೆ ಮೀರಬೇಡ ಎಂಬ ಕಾಳಜಿ ಇದೆ.

ಹೊಸಬರನ್ನು ನಿಲ್ಲಿಸುವುದು ಮಂಡಿನೋವಿಗಿಂತ ಹೆಚ್ಚಾಗಿ ನಾಚಿಕೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಲ್ಲಿ ಹೊಟ್ಟೆ ಅಲುಗಾಡಿಸಿಕೊಂಡು ಏದುಸಿರು ಬಿಡುತ್ತ ಹೋಗುವುದು ಸುಲಭವಲ್ಲ. ಈ ನಾಚಿಕೆಯ ಬಗ್ಗೆಯೂ ಬಳ್ಳಿಗಾವಿಯಲ್ಲಿ ಒಂದು ಪಾಠ ಸಿಗುತ್ತದೆ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಶೈವರದಾಗಿತ್ತು, ಲಕುಲೀಶನ ಪರಂಪರೆಯದು. ಆ ಪರಂಪರೆಯ ಮೂಲಗ್ರಂಥವಾದ ಪಾಶುಪತ ಸೂತ್ರಗಳು ಸಾಧಕನಿಗೊಂದು ವಿಚಿತ್ರ ವ್ರತ ವಿಧಿಸುತ್ತವೆ: ಗುರುತು ಮರೆಸಿಕೊಂಡು ಜನರ ನಡುವೆ ನಿದ್ದೆ ಬಂದವನಂತೆ ತೂಗಬೇಕು, ಮೈ ನಡುಗಿಸಬೇಕು, ಕುಂಟನಂತೆ ನಡೆಯಬೇಕು, ಜನ ಹೀಯಾಳಿಸಿದರೆ ಸಹಿಸಬೇಕು. ಹೀಯಾಳಿಸಿದವರ ಪುಣ್ಯ ಇವನಿಗೆ, ಇವನ ಪಾಪ ಅವರಿಗೆ ಎಂಬ ಲೆಕ್ಕ ಅದರಲ್ಲಿದೆ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ, ಇನ್ನೊಬ್ಬರ ತಲೆಗೆ ಪಾಪ ಕಟ್ಟುವ ಸಾಧನೆ ಯಾರನ್ನೂ ಎತ್ತಲಾರದು. ಆದರೆ ಅದರ ಹಿಂದಿನ ಗ್ರಹಿಕೆ ನಿಖರವಾದದ್ದು. ಮನುಷ್ಯ ತನ್ನ ಬಗೆಗಿನ ಜನರ ಅಭಿಪ್ರಾಯವನ್ನೇ ತಾನೆಂದು ನಂಬಿರುತ್ತಾನೆ, ಆ ಗಂಟು ಬಿಚ್ಚಬೇಕಾದರೆ ಜನರೆದುರು ಚಂದ ಕಾಣದೆ ಇರುವುದನ್ನು ಕಲಿಯಬೇಕು. ಪಾಶುಪತ ಸ್ವಾಮಿ ಕುಂಟನಂತೆ ನಟಿಸಿ ಕಲಿಯುತ್ತಿದ್ದದ್ದನ್ನು ಹೊಸ ಓಟಗಾರ ನಟನೆಯಿಲ್ಲದೆ ಕಲಿಯುತ್ತಾನೆ. ನಾಲ್ಕು ವಾರ ಕಳೆದ ಮೇಲೂ ನೋಡುವವರು ನೋಡುತ್ತಲೇ ಇರುತ್ತಾರೆ. ಅದು ಅವನಿಗೆ ತಾಗುವುದು ಕಡಿಮೆಯಾದರೆ, ಉಸಿರು ಸುಧಾರಿಸಿದ್ದಕ್ಕಿಂತ ಅದೇ ದೊಡ್ಡ ಲಾಭ.

ದೇಹದ ಶ್ರಮಕ್ಕೆ ಪಾವಿತ್ರ್ಯದ ಹೆಸರು ಕೊಡುವಾಗ ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ಮರೆಯಬಾರದು. ರೇಣುಕಾಂಬೆಯ ಗುಡ್ಡಕ್ಕೆ ನಡೆಯುತ್ತಿದ್ದ ಬೆತ್ತಲೆ ಸೇವೆಯ ಭಾರ ಹೊತ್ತವರು ಹೆಚ್ಚಾಗಿ ದಲಿತ, ಹಿಂದುಳಿದ ಕುಟುಂಬಗಳ ಹೆಣ್ಣುಮಕ್ಕಳು. 1986ರಲ್ಲಿ ಅಲ್ಲಿ ದೊಡ್ಡ ಘರ್ಷಣೆಯಾಗಿ, ಆಮೇಲೆ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಹರಕೆಯ ಹೆಸರಲ್ಲಿ ದೇಹವನ್ನು ಊರೆದುರು ನಡೆಸುವುದಕ್ಕೂ ಸಾಧನೆಗೂ ಏನು ವ್ಯತ್ಯಾಸ ಎಂದು ಕೇಳಿದರೆ, ಉತ್ತರವನ್ನು ಪಕ್ಕದ ಶಿಕಾರಿಪುರದ ಉಡುತಡಿಯಲ್ಲಿ ಹುಡುಕಬೇಕು. ಅಕ್ಕಮಹಾದೇವಿಯೂ ಉಡುಗೆ ಬಿಟ್ಟು ನಡೆದವಳೇ, ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ. ತೀರ್ಮಾನ ಅವಳದು. ಅರಸ ಬೇಡವೆಂದ, ಲೋಕ ಬೇಡವೆಂದಿತು, ಅವಳು ನಡೆದಳು. ಚಂದ್ರಗುತ್ತಿಯಲ್ಲಿ ತೀರ್ಮಾನ ಬೇರೆಯವರದಾಗಿತ್ತು, ನೋವು ಮಾತ್ರ ಹೆಣ್ಣುಮಕ್ಕಳದು. ಹಾಗಾಗಿ ಓಟವನ್ನು ಯಾರ ಮೇಲೂ ಹೇರುವಂತಿಲ್ಲ. ದಪ್ಪಗಿದ್ದೀಯ ಓಡು ಎಂದು ಹೆಂಡತಿಯನ್ನೋ ಮಗಳನ್ನೋ ಅಟ್ಟುವುದು ಧರ್ಮದ ಹತ್ತಿರಕ್ಕೂ ಬರುವುದಿಲ್ಲ. ಓಡಬೇಕೆಂದಿರುವ ಹೆಣ್ಣುಮಗಳಿಗೆ ಕತ್ತಲ ರಸ್ತೆಯ ಹೆದರಿಕೆ, ಹಿಂಬಾಲಿಸುವ ಬೈಕು, ಬೆಳಗಿನ ಅಡುಗೆ ಅಡ್ಡ ಬಂದರೆ ಅದು ಅವಳ ಪ್ರಾರಬ್ಧವಲ್ಲ. ಅದನ್ನು ನಾವು ಮಾಡಿಟ್ಟಿದ್ದೇವೆ, ನಾವೇ ತೆಗೆಯಬೇಕು.

ಕಾಯಕದ ಕಡೆಯಿಂದಲೂ ಒಂದು ತಕರಾರಿದೆ. ದಿನವಿಡೀ ಬಗ್ಗಿ ನಾಟಿ ಮಾಡುವವರಿಗೆ, ಮರ ಏರಿ ಅಡಿಕೆಯ ಕೊನೆ ಕೊಯ್ಯುವವರಿಗೆ, ಶುಂಠಿ ಹೊಲದಲ್ಲಿ ದುಡಿಯುವವರಿಗೆ ಓಟವೇಕೆ? ಬೇಡ. ದುಡಿದು ದಣಿದವರಿಗೆ ವಿಶ್ರಾಂತಿಯೇ ಧರ್ಮ, ಅವರೆದುರು ಓಟದ ಹಿರಿಮೆ ಹೇಳುವುದು ಸಲ್ಲದು. ಕಾಯಕ ಮೈಯಿಂದ ಕುರ್ಚಿಗೆ ಸರಿದವರ ಕುರಿತು ನಾನು ಬರೆಯುತ್ತಿದ್ದೇನೆ; ಎರಡೂ ಪೇಟೆಗಳಲ್ಲಿ ಅಂಥವರು ಈಗ ಬಹಳ. ಓಟದಿಂದ ಏನೂ ಬೆಳೆಯುವುದಿಲ್ಲ, ಏನೂ ತಯಾರಾಗುವುದಿಲ್ಲ, ದಾಸೋಹಕ್ಕೆ ಏನೂ ಉಳಿಯುವುದಿಲ್ಲ ಎಂಬುದು ನಿಜ. ಕಾಯಕ ಮಾಡಬಲ್ಲ ಕಾಯವನ್ನು ಉಳಿಸಿಕೊಳ್ಳುವುದು ಮಾತ್ರ ಅದರಿಂದಾಗುತ್ತದೆ, ಅಷ್ಟು ಸಾಕು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ದಿನದ ಲೆಕ್ಕಕ್ಕೆ ಅದು ಅರ್ಧ ಗಂಟೆಯ ಆಸುಪಾಸು. ರೋಮಿನ ಸೆನೆಕ, ಕುತ್ತಿಗೆ ತೋಳು ಬೆಳೆಸುವುದರಲ್ಲೇ ಮುಳುಗಿದವರನ್ನು ಟೀಕಿಸುತ್ತಲೇ, ಬೇಗ ದಣಿಸಿ ಹೊತ್ತು ಉಳಿಸುವ ಸರಳ ವ್ಯಾಯಾಮಗಳಲ್ಲಿ ಓಟವನ್ನು ಹೆಸರಿಸಿದ್ದೂ ಇದೇ ಕಾರಣಕ್ಕೆ: ಉಳಿದ ಹೊತ್ತು ಮನಸ್ಸಿಗೆ ಸಿಗಲಿ ಎಂದು.

ಇಷ್ಟಕ್ಕೂ ಇದನ್ನು ಆರೋಗ್ಯವೆಂದು ಕರೆದು ಸುಮ್ಮನಿರಬಾರದೇ, ಧರ್ಮವನ್ನೇಕೆ ಎಳೆತರಬೇಕು ಎಂದು ಕೇಳುವವರಿಗೆ ಕೋಡಿಯ ಮಠದ 1162ರ ಶಾಸನವನ್ನು ತೋರಿಸಬಹುದು. ವೇದ, ವ್ಯಾಕರಣ, ದರ್ಶನಗಳ ಜೊತೆಗೆ ಲಾಕುಳ ಸಿದ್ಧಾಂತ ಮತ್ತು ಪತಂಜಲಿಯ ಯೋಗಶಾಸ್ತ್ರವನ್ನು ಓದಿಸುವ ಸ್ಥಾನ ಎಂದು ಅದು ಮಠವನ್ನು ವರ್ಣಿಸುತ್ತದೆ. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ, ಅನಾಥ ರೋಗಿಗಳಿಗೆ ಔಷಧ ಸಿಗುವ ಸ್ಥಾನ ಎಂದೂ ಹೇಳುತ್ತದೆ. ಯೋಗದ ಪಾಠಕ್ಕೂ ಔಷಧಕ್ಕೂ ಅಲ್ಲಿ ಒಂದೇ ಸೂರು. ಆ ಪತಂಜಲಿ ಚಿತ್ತಕ್ಕೆ ಅಡ್ಡಬರುವ ಒಂಬತ್ತು ವಿಘ್ನಗಳನ್ನು ಎಣಿಸುವಾಗ ಮೊದಲು ಹೇಳುವುದು ವ್ಯಾಧಿಯನ್ನು. ಆಲಸ್ಯ, ಸಂಶಯ, ಹಿಡಿದದ್ದರಲ್ಲಿ ನಿಲ್ಲಲಾಗದಿರುವುದು ಉಳಿದವುಗಳಲ್ಲಿ ಸೇರಿವೆ. ಅಭ್ಯಾಸ ಗಟ್ಟಿಯಾಗುವುದಕ್ಕೆ ಅವನು ಇಟ್ಟ ಷರತ್ತು ಮೂರು: ದೀರ್ಘಕಾಲ, ಬಿಡದೆ, ಆದರದಿಂದ. ಮೊದಲೆರಡನ್ನು ಯಾವ ತರಬೇತುದಾರನಾದರೂ ಹೇಳುತ್ತಾನೆ. ಮೂರನೆಯದು ಇದ್ದಾಗ ಓಟ ಔಷಧಕ್ಕಿಂತ ಹೆಚ್ಚಿನದಾಗುತ್ತದೆ. ಮೊದಲ ತಿಂಗಳು ತೂಕ ಅಷ್ಟಾಗಿ ಇಳಿಯುವುದಿಲ್ಲ, ರಕ್ತಪರೀಕ್ಷೆಯ ಅಂಕಿ ಹೆಚ್ಚೇನೂ ಕದಲುವುದಿಲ್ಲ. ಫಲ ಕಾಣದ ಆ ದಿನಗಳಲ್ಲೂ ಆದರದಿಂದ ಮಾಡಿದವನಿಗೆ, ಗೀತೆ ಫಲಾಸಕ್ತಿಯ ಬಗ್ಗೆ ಹೇಳಿದ್ದು ಉಪನ್ಯಾಸ ಕೇಳದೆಯೂ ಸ್ವಲ್ಪ ತಿಳಿದಿರುತ್ತದೆ.

ಶಿಕಾರಿಪುರ, ಸೊರಬದ ಶಾಲೆ ಕಾಲೇಜುಗಳ ಮೈದಾನ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಗೇಟು ತೆಗೆದಿಡಿ, ನಾಲ್ಕು ದೀಪ ಹಾಕಿಸಿ, ಹೆಂಗಸರು ಬಂದರೆ ಅವರಿಗೆ ತೊಂದರೆಯಾಗದಂತೆ ಒಬ್ಬರನ್ನು ಕಾವಲಿಗೆ ಇಡಿ. ಓಡಬೇಕೆಂದು ಯೋಚಿಸುತ್ತಿರುವವರು ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕಾಣಲಿ. ಉಳಿದವರು ಐದು ನಿಮಿಷ ಚುರುಕಾಗಿ ನಡೆದು ಮೈ ಬಿಸಿಮಾಡಿಕೊಂಡು, ಒಂದು ನಿಮಿಷ ಮೆಲ್ಲಗೆ ಓಡಿ, ಒಂದೂವರೆ ನಿಮಿಷ ನಡೆಯಲಿ. ಓಟ ನಡಿಗೆಯ ಈ ಸುತ್ತನ್ನು ಎಂಟು ಸಲ ಮಾಡಿದರೆ ಇಪ್ಪತ್ತು ನಿಮಿಷವಾಗುತ್ತದೆ. ಅಷ್ಟಕ್ಕೆ ನಿಲ್ಲಿಸಿ ಮನೆಗೆ ಹೋಗಿ, ಮಾರನೆಯ ದಿನ ಬಿಡುವು ಕೊಟ್ಟು, ಅದರ ಮರುದಿನ ಮತ್ತೆ ಬರಲಿ.